ಒಂದು ಚಾರ್ಜಿಗೆ ಎಷ್ಟು ದೂರ? ವಿದ್ಯುತ್ ಕಾರಿನ ಓಟ ಮತ್ತು ವರ್ತಕರ ಲೆಕ್ಕ

ವಿದ್ಯುತ್ ಕಾರು ಕೊಳ್ಳಲು ಹೊರಟವರು ಮಾರಾಟ ಮಳಿಗೆಯಲ್ಲಿ ಕೇಳುವ ಮೊದಲ ಪ್ರಶ್ನೆ ಬೆಲೆಯನ್ನು ಕುರಿತದ್ದಲ್ಲ. ‘ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ?’ ಎಂಬುದು. ಉತ್ತರವಾಗಿ ದೊರೆಯುವ ಸಂಖ್ಯೆಯನ್ನು ಹಾಗೆಯೇ ನಂಬಿದವರು ಬೇಗನೆ ನಿರಾಶರಾಗುತ್ತಾರೆ. ಸ್ವಲ್ಪವೂ ನಂಬದವರು ದಾರಿಯಲ್ಲಿ ನಿಂತುಹೋದೀತೆಂಬ ಅಳುಕಿನಿಂದ ಅಗತ್ಯಕ್ಕಿಂತ ದೊಡ್ಡ ಬ್ಯಾಟರಿಗೆ ಸಾಲ ಮಾಡುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಎರಡೂ ನಷ್ಟವೇ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರ ನಿತ್ಯದ ಓಡಾಟವನ್ನು ಎದುರಿಗಿಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸತಲ್ಲ. ಮೈನಿ ಸಮೂಹದ ‘ರೇವಾ’ 2001ರಲ್ಲಿಯೇ ಬೆಂಗಳೂರಿನ ರಸ್ತೆಗಿಳಿದಿತ್ತು. ಸೀಸ-ಆಮ್ಲ ಬ್ಯಾಟರಿಯ ಆ ಪುಟ್ಟ ಕಾರಿನ ಓಟ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಎಂದು ಹೇಳಲಾಗುತ್ತಿತ್ತು. 2010ರಲ್ಲಿ ಆ ಸಂಸ್ಥೆ ಮಹೀಂದ್ರಾ ಪಾಲಾಯಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ನಮ್ಮದು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಪ್ರಮಾಣಿತ ಓಟ 312 ಕಿ.ಮೀ. ಆಗಿತ್ತು. ಇಪ್ಪತ್ತು ವರ್ಷಗಳಲ್ಲಿ ಬ್ಯಾಟರಿ ಬದಲಾಯಿತು, ಬೆಲೆ ಬದಲಾಯಿತು. ಆದರೆ ಮುದ್ರಿತ ಸಂಖ್ಯೆಗೂ ರಸ್ತೆಯ ಅನುಭವಕ್ಕೂ ಇರುವ ಅಂತರ ಮಾತ್ರ ಹೋಗಲಿಲ್ಲ.

ಇದಕ್ಕೆ ಮೋಸ ಕಾರಣವಲ್ಲ. ಪ್ರಮಾಣಪತ್ರದ ಪರೀಕ್ಷೆ ನಡೆಯುವುದು ರಸ್ತೆಯ ಮೇಲಲ್ಲ, ಪ್ರಯೋಗಾಲಯದ ಉರುಳೆಗಳ ಮೇಲೆ. ಅಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ ವೇಗ ಅದಕ್ಕಿಂತ ಬಹಳ ಕಡಿಮೆ. ಹವಾನಿಯಂತ್ರಣ ಚಾಲನೆಯಲ್ಲಿರುವುದಿಲ್ಲ, ಏರು-ತಗ್ಗುಗಳಿಲ್ಲ, ಎದುರುಗಾಳಿಯಿಲ್ಲ. ಬೇರೆ ಬೇರೆ ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇಂತಹ ಪರೀಕ್ಷೆ ಅವಶ್ಯಕ. ಅದನ್ನು ದಿನದ ಪ್ರಯಾಣಕ್ಕೆ ಭರವಸೆಯೆಂದು ಓದಿದಾಗ ತೊಡಕು ಹುಟ್ಟುತ್ತದೆ. 2024ರಲ್ಲಿ ಟಾಟಾ ಸಂಸ್ಥೆ ತನ್ನ ಕರ್ವ್ ವಿದ್ಯುತ್ ಕಾರಿನ 55 ಯೂನಿಟ್ ಮಾದರಿಗೆ ಪ್ರಮಾಣಿತ ಓಟ 585 ಕಿ.ಮೀ. ಎಂದು ಪ್ರಕಟಿಸಿ, ಜೊತೆಯಲ್ಲಿಯೇ ನಿಜವಾದ ಬಳಕೆಯಲ್ಲಿ 400ರಿಂದ 425 ಕಿ.ಮೀ. ನಿರೀಕ್ಷಿಸಬಹುದೆಂದು ತಿಳಿಸಿತು. ತಯಾರಕರೇ ಒಪ್ಪಿದ ಈ ಪ್ರಮಾಣ ಸುಮಾರು ಶೇ. 70. ಕಾರು ನೋಡಲು ಹೋದವರು ಯಾವುದೇ ಕಂಪನಿಯ ಮುದ್ರಿತ ಸಂಖ್ಯೆಯನ್ನು ಮೊದಲು ಈ ಅಳತೆಗೆ ಇಳಿಸಿಕೊಂಡು ಅನಂತರ ಮಾತು ಮುಂದುವರಿಸುವುದು ಕ್ಷೇಮ.

ಕಿಲೋಮೀಟರ್ ಬಿಟ್ಟು ಯೂನಿಟ್ ಹಿಡಿಯಿರಿ

ವರ್ತಕರಿಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ ಬ್ಯಾಟರಿಯಲ್ಲಿರುವ ಯೂನಿಟ್‌ಗಳು ಕೈಯಲ್ಲಿರುವ ನಗದು. ಕಿಲೋಮೀಟರ್ ಅದರಿಂದ ಕೊಂಡ ಸರಕು. ಸರಕಿನ ದರ ದಿನದಿನಕ್ಕೂ ಬದಲಾಗುತ್ತದೆ. ಆದುದರಿಂದ ಗಮನಿಸಬೇಕಾದದ್ದು ನೂರು ಕಿಲೋಮೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದನ್ನು. ಈಗಿನ ಬಹುತೇಕ ಕಾರುಗಳ ಫಲಕದಲ್ಲಿ ಈ ಅಂಕಿ ದೊರೆಯುತ್ತದೆ. ಒಂದು ಕಿಲೋಮೀಟರಿಗೆ 120 ವ್ಯಾಟ್-ಅವರ್ ಎಂದು ತೋರಿಸಿದರೆ ನೂರು ಕಿಲೋಮೀಟರಿಗೆ 12 ಯೂನಿಟ್ ಎಂದರ್ಥ.

ಫಲಕದಲ್ಲಿ ದಪ್ಪಕ್ಷರದಲ್ಲಿ ಕಾಣುವ ‘ಉಳಿದಿರುವ ದೂರ’ ಕೇವಲ ಅಂದಾಜು. ಹಿಂದಿನ ಕೆಲವು ಹತ್ತು ಕಿಲೋಮೀಟರ್‌ಗಳ ಚಾಲನೆಯನ್ನು ನೋಡಿ ಮುಂದಿನದೂ ಹಾಗೆಯೇ ಇದ್ದೀತೆಂದು ಕಾರು ಊಹಿಸುತ್ತದೆ. ನಿನ್ನೆಯೆಲ್ಲ ಪಾಂಡವಪುರದ ಪೇಟೆ, ಚಿನಕುರಳಿ ರಸ್ತೆಗಳಲ್ಲಿ ನಿಧಾನವಾಗಿ ಓಡಾಡಿದ ಕಾರು ಇಂದು ಬೆಳಿಗ್ಗೆ 210 ಎಂದು ತೋರಿಸಿ, ಶ್ರೀರಂಗಪಟ್ಟಣದ ಬಳಿ ದಶಪಥ ಹೆದ್ದಾರಿ ಏರಿದ ಮೇಲೆ ಆ ಸಂಖ್ಯೆ ಜರ್ರನೆ ಇಳಿಯತೊಡಗಿದರೆ ಬ್ಯಾಟರಿ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ದರ ಬದಲಾಗಿದೆ, ಅಷ್ಟೆ.

ಆ ದರವನ್ನು ಏರಿಸುವುದರಲ್ಲಿ ವೇಗಕ್ಕೇ ಅಗ್ರಸ್ಥಾನ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಪ್ರತಿರೋಧ 100ಕ್ಕೆ ಬಂದಾಗ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಒಂದು ಸಣ್ಣ ಕಾರಿನ ತೂಕ, ಮುಂಭಾಗದ ವಿಸ್ತಾರ, ಟೈರಿನ ಘರ್ಷಣೆಗಳನ್ನು ಸೇರಿಸಿ ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೆ 60ರ ವೇಗದಲ್ಲಿ ಹತ್ತು ಯೂನಿಟ್‌ನ ಆಸುಪಾಸು, 80ರಲ್ಲಿ ಹನ್ನೆರಡೂಕಾಲು, 100ರಲ್ಲಿ ಹದಿನಾರು ಯೂನಿಟ್ ಬೇಕಾಗುತ್ತದೆ. ಅಂದರೆ ಬಳಕೆಗೆ ದೊರೆಯುವ 20 ಯೂನಿಟ್ ಇರುವ ಅದೇ ಕಾರು ಒಂದು ರಸ್ತೆಯಲ್ಲಿ 200 ಕಿ.ಮೀ., ಇನ್ನೊಂದರಲ್ಲಿ 125 ಕಿ.ಮೀ. ಓಡುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ವೇಗಮಿತಿ 100 ಕಿ.ಮೀ. ಶ್ರೀರಂಗಪಟ್ಟಣದಿಂದ ಮದ್ದೂರಿಗೆ 100ರ ಬದಲು 80ರಲ್ಲಿ ಹೋದರೆ ಸುಮಾರು ಏಳು ನಿಮಿಷ ತಡವಾಗಬಹುದು. ಉಳಿಯುವ ಯೂನಿಟ್‌ನಲ್ಲಿ ಸುಮಾರು ಹದಿನೈದು ಕಿ.ಮೀ. ಹೆಚ್ಚಿಗೆ ಹೋಗಬಹುದು. ಪೆಟ್ರೋಲ್ ಕಾರಿನಲ್ಲಿ ಪೇಟೆಯ ಓಡಾಟ ದುಬಾರಿ, ಹೆದ್ದಾರಿ ಅಗ್ಗ; ವಿದ್ಯುತ್ ಕಾರಿನಲ್ಲಿ ಇದು ತಿರುವುಮುರುವು. ಈ ಒಂದು ವಿಷಯ ಮನಸ್ಸಿಗೆ ಹತ್ತಲು ಹಳೆಯ ಚಾಲಕರಿಗೆ ಸಮಯ ಬೇಕಾಗುತ್ತದೆ.

ಏರುದಾರಿಯ ಭಯವಾದರೋ ಅತಿಯಾದದ್ದು. ಒಂದೂವರೆ ಟನ್ ತೂಕದ ಕಾರನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವುದು ಅರ್ಧ ಯೂನಿಟ್‌ಗಿಂತ ತುಸು ಕಡಿಮೆ. ಸಮುದ್ರಮಟ್ಟದಿಂದ ಶ್ರೀರಂಗಪಟ್ಟಣ ಸುಮಾರು 680 ಮೀಟರ್, ನಾಗಮಂಗಲ ಸುಮಾರು 770 ಮೀಟರ್ ಎತ್ತರದಲ್ಲಿವೆ. ಈ ಏರಿಕೆಯಿಂದ ಕಳೆದುಕೊಳ್ಳುವ ಓಟ ಮೂರು-ನಾಲ್ಕು ಕಿ.ಮೀ. ಮಾತ್ರ, ಮರಳುವಾಗ ಅದರಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವುದು ಇದಕ್ಕೆ ಕಾರಣ. ಆದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯಲಾಗದು. ಮೇಲುಕೋಟೆಯ ಬೆಟ್ಟದ ಮೇಲೆ ಶೇ. 100 ಚಾರ್ಜ್ ಮಾಡಿಕೊಂಡು ಕೆಳಗಿಳಿಯುವವರಿಗೆ ಈ ಲಾಭ ದೊರೆಯದು. ಮೋಟಾರಿನ ಹಿಡಿತವೂ ಇಲ್ಲವಾಗಿ ಕಾಲಿನ ಬ್ರೇಕಿನ ಮೇಲೆಯೇ ಹೆಚ್ಚು ಅವಲಂಬಿಸಬೇಕಾಗುತ್ತದೆ.

ಹವಾನಿಯಂತ್ರಣಕ್ಕೆ ಬೇಸಿಗೆಯಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್ ಹಿಡಿಯಿರಿ. ಇದರ ಖರ್ಚು ಗಂಟೆಯ ಲೆಕ್ಕ, ದೂರದ ಲೆಕ್ಕವಲ್ಲ. ಬೆಂಗಳೂರಿನ ವಾಹನದಟ್ಟಣೆಯಲ್ಲಿ ಮೂರು ಗಂಟೆ ಸಿಕ್ಕಿಕೊಂಡರೆ ಇಪ್ಪತ್ತೈದು ಕಿ.ಮೀ. ಓಟ ಅಲ್ಲಿಯೇ ಕರಗುತ್ತದೆ. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸುವುದು, ಬೇಡದಾಗ ಮೇಲ್ಛಾವಣಿಯ ಕ್ಯಾರಿಯರ್ ತೆಗೆದಿಡುವುದು ಖರ್ಚಿಲ್ಲದ ಉಳಿತಾಯಗಳು.

ಎಷ್ಟು ದೊಡ್ಡ ಬ್ಯಾಟರಿ ಬೇಕು?

ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳನ್ನು ಒಂದೇ ದಿನ ಮುಟ್ಟಿ ಶ್ರೀರಂಗಪಟ್ಟಣಕ್ಕೆ ಮರಳಿದರೂ 150 ಕಿ.ಮೀ. ಒಳಗೆ ಮುಗಿಯುತ್ತದೆ. ನಾಗಮಂಗಲದ ಕಂಚು-ಹಿತ್ತಾಳೆ ಎರಕದ ಉದ್ದಿಮೆದಾರರಾಗಲಿ, ಕೃಷ್ಣರಾಜಪೇಟೆಯ ಅಕ್ಕಿ ಗಿರಣಿಯವರಾಗಲಿ ಮೈಸೂರಿಗೆ ಹೋಗಿಬರಲು ಸುಮಾರು 130 ಕಿ.ಮೀ. ಸಾಕು. ನೂರಕ್ಕೆ ಹನ್ನೆರಡೂವರೆ ಯೂನಿಟ್‌ನಂತೆ ಇದಕ್ಕೆ 16 ಯೂನಿಟ್ ಬೇಕು. ಶೇ. 15ರಷ್ಟನ್ನು ಆಪತ್ತಿಗೆಂದು ಮುಟ್ಟದೆ ಬಿಟ್ಟು, ಎಂಟು ವರ್ಷಗಳಲ್ಲಿ ಬ್ಯಾಟರಿಯ ಸಾಮರ್ಥ್ಯ ಶೇ. 20ರಷ್ಟು ಕುಗ್ಗೀತೆಂದು ಭಾವಿಸಿದರೆ ಹೊಸದರಲ್ಲಿ 24 ಯೂನಿಟ್ ಇರುವ ಕಾರು ಎಂಟನೆಯ ವರ್ಷದಲ್ಲಿಯೂ ಈ ಕೆಲಸಕ್ಕೆ ಸಾಲುತ್ತದೆ. ಹತ್ತೊಂಬತ್ತು ಯೂನಿಟ್‌ನದು ಮೊದಲೆರಡು ವರ್ಷ ಸಾಕೆನಿಸಿ ಅನಂತರ ಕೈಕೊಡುತ್ತದೆ.

ಹಾಗಾದರೆ ಬೆಂಗಳೂರಿನ ಪ್ರಯಾಣ? ನಾಗಮಂಗಲದಿಂದ ಬೆಳ್ಳೂರು ಕ್ರಾಸ್ ಮೂಲಕ ಹೋಗಿಬರಲು ಹೆದ್ದಾರಿಯ ವೇಗದಲ್ಲಿ 35 ಯೂನಿಟ್‌ಗೂ ಹೆಚ್ಚು ಬೇಕು. ಸಣ್ಣ ಬ್ಯಾಟರಿಗೆ ಇದು ಒಂದೇ ಚಾರ್ಜಿನಲ್ಲಿ ಅಸಾಧ್ಯ. ಇಲ್ಲಿಯೇ ವರ್ತಕರು ತಮ್ಮ ಡೈರಿ ತೆರೆದು ನೋಡಬೇಕು. ತಿಂಗಳಿಗೆ ಎರಡು ಬಾರಿ ಬೆಂಗಳೂರಿಗೆ ಹೋಗುವವರು ಪ್ರತಿ ಬಾರಿಯೂ ಯೂನಿಟ್‌ಗೆ ರೂ. 22ರಂತೆ 20 ಯೂನಿಟ್ ತ್ವರಿತ ಚಾರ್ಜ್ ಮಾಡಿಸಿದರೂ ತಗಲುವುದು ರೂ. 880. ದೊಡ್ಡ ಬ್ಯಾಟರಿಗಾಗಿ ಎರಡು ಲಕ್ಷ ಹೆಚ್ಚಿಗೆ ಸಾಲ ಮಾಡಿದರೆ ಶೇ. 9.5ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು ರೂ. 4,200. ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗುವವರಿಗೆ, ಸಮಯದ ಬೆಲೆಯನ್ನೂ ಕೂಡಿದರೆ, ಲೆಕ್ಕ ಮಗುಚುತ್ತದೆ. ಅಂಥವರು ದೊಡ್ಡ ಬ್ಯಾಟರಿಯನ್ನೇ ಕೊಳ್ಳಲಿ. ಉಳಿದವರು ನೆರೆಯವರು ಕೊಂಡರೆಂದು ಕೊಳ್ಳುವುದು ಬಂಡವಾಳವನ್ನು ಗ್ಯಾರೇಜಿನಲ್ಲಿ ಕಟ್ಟಿಹಾಕಿದಂತೆ.

ಸರಕು ಸಾಗಣೆಯ ವಾಹನಗಳಿಗೂ ಇದೇ ನಿಯಮ. 2022ರಲ್ಲಿ ಬಿಡುಗಡೆಯಾದ ಟಾಟಾ ಏಸ್ ವಿದ್ಯುತ್ ವಾಹನಕ್ಕೆ 21.3 ಯೂನಿಟ್ ಬ್ಯಾಟರಿ, ಪ್ರಮಾಣಿತ ಓಟ 154 ಕಿ.ಮೀ. ಬೆಲ್ಲದ ಪೆಟ್ಟಿಗೆಗಳನ್ನು ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಹದವಾಗಿ ಸಾಗುವಾಗ ತೂಕದಿಂದಾಗುವ ನಷ್ಟ ಜನ ಊಹಿಸುವಷ್ಟಿರುವುದಿಲ್ಲ. ಹಗುರವಾದರೂ ಕ್ಯಾಬಿನ್‌ಗಿಂತ ಎತ್ತರಕ್ಕೆ ಪೇರಿಸಿದ ತೆಂಗಿನ ನಾರು ಗಾಳಿಯನ್ನು ತಡೆದು ಹೆಚ್ಚು ಯೂನಿಟ್ ತಿನ್ನಬಹುದು.

ರಾತ್ರಿಯ ಚಾರ್ಜ್

ಮನೆಯ ಅಥವಾ ಗೋದಾಮಿನ 15 ಆಂಪಿಯರ್ ಸಾಕೆಟ್‌ನಿಂದ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸುಮಾರು 22 ಯೂನಿಟ್ ತುಂಬಿಕೊಳ್ಳಬಹುದು. ನಡುವೆ ಎರಡು ಗಂಟೆ ವಿದ್ಯುತ್ ಹೋದರೆ ಮರುದಿನದ ಓಟದಲ್ಲಿ ಸುಮಾರು 45 ಕಿ.ಮೀ. ಖೋತಾ. ಹೀಗಾಗಿ ಗ್ರಾಮಾಂತರದಲ್ಲಿರುವವರು ಬ್ಯಾಟರಿ ಪೂರ್ತಿ ಇಳಿಯುವವರೆಗೆ ಕಾಯದೆ ಪ್ರತಿ ರಾತ್ರಿಯೂ ತುಂಬಿಸುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು. ಗೋಡೆಗೆ ಅಳವಡಿಸುವ 7 ಕಿಲೋವ್ಯಾಟ್ ಚಾರ್ಜರ್ ಬೇಕೆನ್ನುವವರು ಮೊದಲು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗ ಕಚೇರಿಯಲ್ಲಿ ತಮ್ಮ ಮಂಜೂರಾದ ಲೋಡ್ ಎಷ್ಟೆಂದು ವಿಚಾರಿಸಿ, ಅರ್ಥಿಂಗ್ ಸರಿಪಡಿಸಿಕೊಳ್ಳಬೇಕು.

ಮೀಟರಿನಲ್ಲಿ ದಾಖಲಾದ ಯೂನಿಟ್ ಅಷ್ಟೂ ಬ್ಯಾಟರಿಗೆ ಸೇರುವುದಿಲ್ಲ. ನೂರಕ್ಕೆ ಹತ್ತರಿಂದ ಹದಿನೈದು ದಾರಿಯಲ್ಲಿ ಶಾಖವಾಗಿ ಹೋಗುತ್ತದೆ. ವಾಹನದ ವೆಚ್ಚವನ್ನು ವ್ಯವಹಾರದ ಲೆಕ್ಕಕ್ಕೆ ಬರೆಯುವವರು ಚಾರ್ಜರಿಗೆ ಪ್ರತ್ಯೇಕ ಉಪಮೀಟರ್ ಹಾಕಿಸಿದರೆ ಲೆಕ್ಕಪರಿಶೋಧಕರಿಗೂ ಅನುಕೂಲ. ಹೆದ್ದಾರಿಯ ತ್ವರಿತ ಚಾರ್ಜಿಂಗ್ ಕೇಂದ್ರಗಳಲ್ಲಿ ಶೇ. 80 ದಾಟಿದ ಮೇಲೆ ವೇಗ ತೀರಾ ಕುಗ್ಗುವುದರಿಂದ, ಊರು ತಲುಪಲು ಬೇಕಾದಷ್ಟು ತುಂಬಿದೊಡನೆ ಹೊರಡುವುದೇ ಲಾಭ. ನಿತ್ಯ ಶೇ. 100ರವರೆಗೆ ತುಂಬಿಸಬಹುದೇ ಎಂಬುದು ಬ್ಯಾಟರಿಯ ಜಾತಿಯನ್ನು ಅವಲಂಬಿಸಿದೆ. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯನ್ನು ಆಗಾಗ್ಗೆ ಪೂರ್ತಿ ತುಂಬಿಸಿದರೆ ಅದರ ಅಳತೆ ಸರಿಯಾಗಿರುತ್ತದೆ; ನಿಕ್ಕಲ್ ಬೆರೆತ ಬ್ಯಾಟರಿಗಳನ್ನು ನಿತ್ಯದ ಬಳಕೆಯಲ್ಲಿ ಶೇ. 80ಕ್ಕೆ ನಿಲ್ಲಿಸುವುದು ಬಾಳಿಕೆಗೆ ಹಿತ. ತಮ್ಮದು ಯಾವುದೆಂದು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಹಳೆಯ ವಿದ್ಯುತ್ ಕಾರನ್ನು ಕೊಳ್ಳುವವರೂ ಈಗ ಇದ್ದಾರೆ. ಅಂಥವರು ಓಡಿದ ಕಿಲೋಮೀಟರ್‌ಗಿಂತ ಮೊದಲು ಅಧಿಕೃತ ಸೇವಾಕೇಂದ್ರದಿಂದ ಬ್ಯಾಟರಿಯ ಸದ್ಯದ ಸಾಮರ್ಥ್ಯದ ವರದಿಯನ್ನು ಪಡೆದು, ಉಳಿದ ಖಾತರಿ ಎರಡನೆಯ ಮಾಲೀಕರಿಗೂ ಅನ್ವಯಿಸುತ್ತದೆಯೇ, ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಕಂಪನಿ ಬ್ಯಾಟರಿಯನ್ನು ಬದಲಿಸಿಕೊಡುತ್ತದೆ ಎಂಬುದನ್ನು ಲಿಖಿತವಾಗಿ ತೆಗೆದುಕೊಂಡ ನಂತರವೇ ಮುಂಗಡ ಕೊಡತಕ್ಕದ್ದು.