ರೋಗ ದೂರವಿರಲಿ, ರೋಗಿಯಲ್ಲ

ಬಿಳಿಕೆರೆಗೆ ಸಮೀಪದ ಗೊಮ್ಮಟಗಿರಿಯ ಬಾಹುಬಲಿಗೆ ಕೈಮುಗಿಯುವ ಶ್ರಾವಕನಿಗೆ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳು ವಿಹಿತವಾಗಿವೆ. ಮನೆಯೊಂದಕ್ಕೆ ಕ್ಷಯರೋಗ ಬಂದಾಗ ಅಭಯವು ಸಲ್ಲಬೇಕಾದುದು ಊರಿಗೋ, ರೋಗಿಗೋ?

ಗಾಳಿಯಲ್ಲಿ ಹರಡುವ ರೋಗದಿಂದ ನೆರೆಹೊರೆಯವರನ್ನು ಕಾಯುವುದು ಅಹಿಂಸೆಯೇ. ರೋಗಿಯನ್ನು ತಿರಸ್ಕರಿಸುವುದು ಮಾತ್ರ ಹಿಂಸೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗ ಆಸ್ಪತ್ರೆ ಸ್ಥಾಪನೆಯಾದಾಗ ಈ ರೋಗಕ್ಕೆ ಮದ್ದಿರಲಿಲ್ಲ. ಅಂದಿನ ಆರೋಗ್ಯಧಾಮಗಳು ರೋಗಿಯನ್ನು ಊರಿನಿಂದ ದೂರವಿರಿಸಿದರೂ ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರಗಳನ್ನು ನೀಡಿ ಉಪಚರಿಸುತ್ತಿದ್ದವು.

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧೋಪಚಾರವಿದೆ. ಕ್ರಮವಾಗಿ ಸೇವಿಸಿದರೆ ಕೆಲವೇ ವಾರಗಳಲ್ಲಿ ಸೋಂಕು ಹರಡುವ ಶಕ್ತಿ ಕುಗ್ಗುತ್ತದೆ. ಅಲ್ಲಿಯವರೆಗೆ ಪ್ರತ್ಯೇಕ ಕೋಣೆ, ಬಾಯಿಗೆ ವಸ್ತ್ರ ಅಗತ್ಯ. ಆ ಅವಧಿ ಮೀರಿದ ದೂರವು ಎಚ್ಚರಿಕೆಯಲ್ಲ, ಜುಗುಪ್ಸೆ. ಅವಮಾನಕ್ಕೆ ಅಂಜಿದವನು ರೋಗವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗ ಊರಿಗೇ ಹಬ್ಬುತ್ತದೆ. ಆದುದರಿಂದ ರೋಗಿಗಿತ್ತ ಅಭಯವೇ ಊರಿನ ರಕ್ಷೆ. ಎರಡೂ ಪಕ್ಷಗಳ ಸತ್ಯವನ್ನು ಕಾಣುವ ಈ ದೃಷ್ಟಿಯೇ ಅನೇಕಾಂತ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ವ್ಯಾಧಿಗ್ರಸ್ತ ಮುನಿಯನ್ನು ಅಸಹ್ಯಪಡದೆ ಸ್ವಹಸ್ತದಿಂದ ಶುಶ್ರೂಷೆ ಮಾಡಿದ ಉದ್ದಾಯನ ರಾಜನೇ ಅದಕ್ಕೆ ನಿದರ್ಶನ. ರೋಗಿಯ ಕೋಣೆಯ ಬಾಗಿಲಿಗೆ ಹೊತ್ತುಹೊತ್ತಿಗೆ ಬಿಸಿಯೂಟವನ್ನೂ ಮಾತ್ರೆಯನ್ನೂ ಒಯ್ಯುವ ಕೈಗಳು ಆ ಅಂಗವನ್ನೇ ಪಾಲಿಸುತ್ತವೆ.