ಮಂಟಪದ ಮುಂದಿನ ಲಾನ್‌ಗೆ ದಿನಕ್ಕೆ ಎಷ್ಟು ನೀರು ಬೇಕು? ಮಾಲೀಕರೇ, ಒಂದು ಬಕೆಟ್ ಇಟ್ಟು ಲೆಕ್ಕ ಹಾಕಿ

ಕೋಲಾರ: ಬೇಸಿಗೆ ಶುರುವಾಯ್ತು ಅಂದ್ರೆ ಹೈವೇ ಪಕ್ಕದ ಕಲ್ಯಾಣ ಮಂಟಪ, ಹೋಟೆಲ್, ಪೆಟ್ರೋಲ್ ಬಂಕ್ ಮಾಲೀಕರಿಗೆ ಎರಡು ಚಿಂತೆ. ಬರೋ ಜನಕ್ಕೆ ನೀರು ಸಾಲಬೇಕು, ಮುಂದಿನ ಲಾನ್ ಒಣಗಬಾರದು. ಎರಡಕ್ಕೂ ಒಂದೇ ಬೋರ್. ಬೋರ್ ಕೈಕೊಟ್ರೆ ಟ್ಯಾಂಕರ್‌ಗೆ ಫೋನ್.

ನಮ್ಮ ಜಿಲ್ಲೆ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿರೋದು ಹೊಸ ವಿಷಯ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರ್ತಿದೆ ನಿಜ. ಆದರೆ ಅದನ್ನ ತಂದಿದ್ದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸೋಕೆ, ಮತ್ತೆ ಮೇಲೆತ್ತಿ ಪಾರ್ಕಿಂಗ್ ಜಾಗದಲ್ಲಿ ಹರಿಸೋಕಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಗಾರ್ಡನ್‌ಗೆ ಕುಡಿಯೋ ನೀರು ಬಿಟ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು.

ಹಾಗಂತ ಲಾನ್ ಕಿತ್ತು ಹಾಕಿ ಅಂತಲ್ಲ. ಮದುವೆ ಬುಕಿಂಗ್ ಮಾಡೋರು ಮೊದಲು ನೋಡೋದೇ ಅದನ್ನ. ಅದಕ್ಕೆ ಎಷ್ಟು ಬೇಕೋ ಅಷ್ಟೇ ಬಿಡ್ತಿದ್ದೀವಾ ಅನ್ನೋದು ಪ್ರಶ್ನೆ.

ಲೆಕ್ಕ ಸುಲಭ ಇದೆ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ನೀರು ಅಂದ್ರೆ 1 ಲೀಟರ್. ಬಿರುಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿ.ಮೀ. ಸಾಕು. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್, ಅಂದ್ರೆ 500 ಲೀಟರ್. ಐದು ಗುಂಟೆಗೆ 2,500. ಗಾಳಿ, ಸೋರಿಕೆ ಅಂತ ಇನ್ನೊಂದು 500 ಸೇರಿಸಿ, 3,000 ಆಯ್ತು.

ಈಗ ನಿಮ್ಮ ಪೈಪ್ ಕೆಳಗೆ 20 ಲೀಟರ್ ಬಕೆಟ್ ಇಡಿ. 40 ಸೆಕೆಂಡಲ್ಲಿ ತುಂಬಿದ್ರೆ ನಿಮಿಷಕ್ಕೆ 30 ಲೀಟರ್ ಬರ್ತಿದೆ. ಹುಡುಗ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಪೈಪ್ ಬಿಟ್ಟು ಬೇರೆ ಕೆಲಸಕ್ಕೆ ಹೋದ್ರೆ 7,200 ಲೀಟರ್! ಹೆಚ್ಚಿಗೆ ಹೋದ 4,200 ಲೀಟರ್ ಅಂದ್ರೆ ಹತ್ತಿರ ಹತ್ತಿರ ಒಂದು ಟ್ಯಾಂಕರ್, ಅದೂ ದಿನಾ. ಮೋಟಾರ್ ಕರೆಂಟ್ ಬಿಲ್ ಬೇರೆ. ಆ ನೀರಿಂದ ಹುಲ್ಲೇನೂ ಜಾಸ್ತಿ ಹಸಿರಾಗಲ್ಲ. ಬೇರು ಮೇಲೇ ನಿಲ್ಲುತ್ತೆ, ಪೇವರ್ ಬ್ಲಾಕ್ ಕುಸಿಯುತ್ತೆ, ನಿಂತ ನೀರಲ್ಲಿ ಸೊಳ್ಳೆ.

ಲಾನ್‌ಗೆ ಸ್ಪ್ರಿಂಕ್ಲರ್ ಸರಿ, ಆದರೆ ಅರ್ಧ ನೀರು ರಸ್ತೆಗೆ ಬೀಳದ ಹಾಗೆ ತಿರುಗಿಸಬೇಕು. ಬೇಲಿ ಗಿಡ, ದಾಸವಾಳ, ಕಾಗದದ ಹೂವಿಗೆ ಡ್ರಿಪ್ ಸಾಕು, ಗಂಟೆಗೆ 4 ಲೀಟರ್ ಬಿಡೋ ಡ್ರಿಪ್ಪರ್ ಸಿಗುತ್ತೆ. ತೋಟದ ರೈತರಿಗೆ ಇದೆಲ್ಲ ಗೊತ್ತಿರೋದೇ, ಪೇಟೆಯವರು ಅವರನ್ನೇ ಕೇಳಬಹುದು. ಸೂರ್ಯ ಏರೋಕೆ ಮುಂಚೆ ಬಿಟ್ರೆ ಆವಿ ಆಗೋದು ಕಡಿಮೆ. ರಾತ್ರಿ ಎಲೆ ಒದ್ದೆ ಇದ್ರೆ ಹುಲ್ಲಿಗೆ ಶಿಲೀಂಧ್ರ ರೋಗ ಬರೋ ಸಾಧ್ಯತೆ ಜಾಸ್ತಿ.

ಟೈಮರ್ ತಗೊಳ್ಳೋರು ಬ್ಯಾಟರಿ ಇರೋದನ್ನೇ ಕೇಳಿ ತಗೊಳ್ಳಿ. ಇಲ್ಲಾಂದ್ರೆ ಕರೆಂಟ್ ಹೋದಾಗ ಟೈಮ್ ಕೆಟ್ಟು ಮಧ್ಯಾಹ್ನ ನೀರು ಬಿಡುತ್ತೆ. ಇನ್ನೊಂದು, ನಮ್ಮ ಕಡೆ ಆಳದ ಬೋರ್ ನೀರು ಗಡಸು. ಡ್ರಿಪ್ಪರ್ ಬಾಯಿಗೆ ಬಿಳಿ ಉಪ್ಪು ಕಟ್ಟುತ್ತೆ. ಫಿಲ್ಟರ್ ಹಾಕಿಸಿ, ಅದನ್ನ ಆಗಾಗ ತೊಳೀರಿ, ಪೈಪ್ ಕೊನೆ ಬಿಚ್ಚಿ ಒಂದೆರಡು ನಿಮಿಷ ನೀರು ಹರಿಸಿ.

ಮಳೆ ಬಂದ ದಿನ ಟೈಮರ್ ಆಫ್ ಮಾಡೋ ಕೆಲಸ ಯಾರದ್ದು ಅಂತ ಮೊದಲೇ ಒಬ್ಬರಿಗೆ ಹೇಳಿಡಿ. ಮತ್ತೆ ಆನ್ ಮಾಡೋಕೆ ಮುಂಚೆ ಮಣ್ಣಿಗೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದ್ರೆ ಇನ್ನೂ ತೇವ ಇದೆ, ಇನ್ನೊಂದು ದಿನ ಬಿಡಬಹುದು.