ಬಣ್ಣ ಕ್ಯಾಮೆರಾದ್ದೋ, ತಂತ್ರಾಂಶದ್ದೋ?

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಣ್ಣಿಗೆ ಹಬ್ಬವಾಗಿದ್ದ ಮದುವೆಯ ಚಿತ್ರ, ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಸಪ್ಪೆ. ಸೆನ್ಸರಿನ ಅಂಕಿಗಳನ್ನು ಹಾಗೇ ಉಳಿಸಿಡುವ ರಾ ಫೈಲಿಗೆ ಹೊಸದಾಗಿ ಬಂದವರ ಮೊದಲ ದೂರು ಹೆಚ್ಚಾಗಿ ಇದೇ. ಅಡೋಬ್ ಕಂಪನಿಯ ಲೈಟ್‌ರೂಮ್ ತಂತ್ರಾಂಶದಲ್ಲಂತೂ ಒಂದು ಕ್ಷಣ ಚೆಂದದ ಬಣ್ಣ ಕಾಣಿಸಿ, ಮರುಕ್ಷಣ ಕಣ್ಣೆದುರೇ ಮಾಸುವುದುಂಟು. ಫೈಲಿಗೆ ಏನೂ ಆಗಿಲ್ಲ. ಮೊದಲು ಕಂಡದ್ದು ಕ್ಯಾಮೆರಾ ತಾನೇ ತಯಾರಿಸಿ ರಾ ಫೈಲಿನೊಳಗೆ ಸೇರಿಸಿಟ್ಟ ಜೆಪೆಗ್. ಆಮೇಲೆ ಕಂಡದ್ದು ಅಡೋಬ್ ತನ್ನ ಲೆಕ್ಕದಲ್ಲಿ ಕಟ್ಟಿದ ಚಿತ್ರ.

ರಾ ಫೈಲಿನಲ್ಲಿ ನೋಡುವಂಥ ಬಣ್ಣವೇ ಇರುವುದಿಲ್ಲ. ಬಹುತೇಕ ಸೆನ್ಸರ್‌ಗಳಲ್ಲಿ ಪ್ರತಿ ಬಿಂದುವಿನ ಮೇಲೆ ಕೆಂಪು, ಹಸಿರು, ನೀಲಿಗಳಲ್ಲಿ ಯಾವುದಾದರೂ ಒಂದೇ ಫಿಲ್ಟರ್; ಅರ್ಧದಷ್ಟು ಹಸಿರು, ಉಳಿದೆರಡು ಕಾಲು ಕಾಲು ಪಾಲು. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇಲ್ಲದ ಬಣ್ಣಗಳನ್ನು ನೆರೆಯ ಬಿಂದುಗಳಿಂದ ಊಹಿಸಿ ತುಂಬುವುದು, ವೈಟ್ ಬ್ಯಾಲೆನ್ಸ್ ಹೊಂದಿಸುವುದು, ಸೆನ್ಸರಿನ ಅಂಕಿಗಳನ್ನು ಪ್ರೊಫೈಲ್ ಮೂಲಕ ಬಣ್ಣವಾಗಿಸುವುದು ಎಲ್ಲವೂ ತಂತ್ರಾಂಶದ ಪಾಲಿನ ಕೆಲಸ. ಸೆನ್ಸರ್ ಮನುಷ್ಯನ ಕಣ್ಣಿನ ಹಾಗೆ ಬೆಳಕನ್ನು ಗ್ರಹಿಸದ ಕಾರಣ ಎಲ್ಲೋ ಒಂದು ಕಡೆ ರಾಜಿಯಾಗಲೇಬೇಕು. ಬೆಂಗಳೂರಿನ ಜಕರಂದ ಹೂವಿನ ನೇರಳೆ ಎಷ್ಟೋ ಚಿತ್ರಗಳಲ್ಲಿ ನೀಲಿಗೆ ವಾಲುವುದು ಇದಕ್ಕೇ.

‘ಕೆನಾನ್ ಬಣ್ಣ’, ‘ಫ್ಯೂಜಿ ಬಣ್ಣ’ ಎಂದು ಜನ ಹೊಗಳುವುದರಲ್ಲಿ ದೊಡ್ಡ ಪಾಲು ಆ ಕಂಪನಿ ಮಾಡಿಕೊಂಡ ರಾಜಿಯದು. ಹಾಗಾಗಿ ಆ ಬಣ್ಣವೇ ಬೇಕೆನ್ನುವವರು ಮೊದಲು ನೋಡಬೇಕಾದದ್ದು ಕಂಪನಿಯೇ ಪುಕ್ಕಟೆ ಕೊಡುವ ತಂತ್ರಾಂಶವನ್ನು: ಕೆನಾನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ 2021ರಲ್ಲಿ ಬಂದ ಎನ್‌ಎಕ್ಸ್ ಸ್ಟುಡಿಯೋ, ಸೋನಿಗೆ ಇಮೇಜಿಂಗ್ ಎಡ್ಜ್. ಫ್ಯೂಜಿಫಿಲ್ಮ್‌ನ ಎಕ್ಸ್ ರಾ ಸ್ಟುಡಿಯೋ ಇನ್ನೂ ಮಜವಾದದ್ದು. ಯುಎಸ್‌ಬಿ ಕೇಬಲ್ಲಿನಿಂದ ಕ್ಯಾಮೆರಾ ಜೋಡಿಸಿದರೆ ಕಂಪ್ಯೂಟರ್ ಸುಮ್ಮನಿದ್ದು, ಕ್ಯಾಮೆರಾದ ಪ್ರೊಸೆಸರೇ ಚಿತ್ರ ತಯಾರಿಸುತ್ತದೆ; ವೆಲ್ವಿಯಾ, ಕ್ಲಾಸಿಕ್ ಕ್ರೋಮ್‌ನಂಥ ಫ್ಯೂಜಿಯ ಬಣ್ಣದ ಶೈಲಿಗಳು ಕ್ಯಾಮೆರಾದಲ್ಲಿ ಬರುವಂತೆಯೇ ಬರುತ್ತವೆ. ತೊಡಕೆಂದರೆ ಇವೆಲ್ಲ ತಮ್ಮ ಕಂಪನಿಯ ಫೈಲುಗಳಿಗಷ್ಟೇ. ಎರಡು ಬ್ರಾಂಡಿನ ಕ್ಯಾಮೆರಾ ಹಿಡಿದು ಮದುವೆ ತೆಗೆಯುವವರಿಗೆ ಸಾಲವು.

ಲೈಟ್‌ರೂಮಿನ ಬಣ್ಣ ಹಿಡಿಸಲಿಲ್ಲವೆಂದು ಅದನ್ನು ಬಿಟ್ಟೇಬಿಡುವ ಮುನ್ನ ಪ್ರೊಫೈಲ್ ಪಟ್ಟಿಯನ್ನೊಮ್ಮೆ ತೆರೆಯಬೇಕು. 2018ರಿಂದ ಅಲ್ಲಿ ತಾನಾಗಿ ಬರುವುದು ‘ಅಡೋಬ್ ಕಲರ್’. ಅದೇ ಪಟ್ಟಿಯಲ್ಲಿ, ಅನೇಕ ಕ್ಯಾಮೆರಾಗಳಿಗೆ, ಕಂಪನಿಯ ಸ್ಟ್ಯಾಂಡರ್ಡ್, ಪೋರ್ಟ್ರೇಟ್ ಬಣ್ಣಗಳನ್ನು ಅನುಕರಿಸುವ ಪ್ರೊಫೈಲುಗಳೂ ಇರುತ್ತವೆ. ಒಂದು ಕ್ಲಿಕ್ಕಿನಲ್ಲಿ ಅರ್ಧ ದೂರು ಮುಗಿಯಬಹುದು.

ಡೆನ್ಮಾರ್ಕಿನ ಕ್ಯಾಪ್ಚರ್ ಒನ್ ದುಬಾರಿ. ಆದರೆ ಒಂದೊಂದು ಕ್ಯಾಮೆರಾ ಮಾದರಿಗೂ ತನ್ನದೇ ಪ್ರೊಫೈಲ್ ಮಾಡುತ್ತದೆ, ಮುಖದ ಬಣ್ಣದ ಏರುಪೇರನ್ನು ಸಮಮಾಡುವ ಸಾಧನವೂ ಅದರಲ್ಲಿದೆ. ಅದನ್ನು ಧಾರಾಳವಾಗಿ ಬಳಸಿದರೆ ಮದುಮಗಳ ಕೆನ್ನೆಯ ಅರಿಸಿನವೂ ಮಾಯವಾದೀತು, ಜೋಕೆ!

ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶಗಳಲ್ಲಿ ಡಾರ್ಕ್‌ಟೇಬಲ್ ಕ್ಯಾಮೆರಾದ ಜೆಪೆಗ್ಗನ್ನು ಅನುಕರಿಸುವ ಗೋಜಿಗೇ ಹೋಗುವುದಿಲ್ಲ. ಕಲಿಯುವ ತಾಳ್ಮೆಯಿದ್ದವರಿಗೆ ಸರಿ. ರಾಥೆರಪಿ ಹಾಗಲ್ಲ. ಫೈಲಿನೊಳಗಿನ ಜೆಪೆಗ್ಗನ್ನು ನೋಡಿ ಟೋನ್ ಕರ್ವನ್ನು ತಾನೇ ಹೊಂದಿಸಿಕೊಳ್ಳುವ ಅನುಕೂಲ ಅದರಲ್ಲಿದೆ. ಕಾಸು ಖರ್ಚು ಮಾಡಲೊಲ್ಲದ ಹೊಸಬರು ಇಲ್ಲಿಂದ ಶುರುಮಾಡುವುದೇ ವಾಸಿ.

ನಿಖರತೆಯೇ ಬೇಕೆನ್ನುವವರು 24 ಚೌಕಗಳ ಕಲರ್‌ಚೆಕರ್ ಹಲಗೆಯ ಚಿತ್ರ ತೆಗೆದು ಸ್ವಂತ ಪ್ರೊಫೈಲ್ ಮಾಡಿಕೊಳ್ಳಬಹುದು. ಸೀರೆ ಅಂಗಡಿಯ ಕ್ಯಾಟಲಾಗಿಗೆ ಅದು ಬೇಕೇ ಬೇಕು. ಆದರೆ ನಿಖರವಾದದ್ದೆಲ್ಲ ಹಿತವಾಗಿರಬೇಕೆಂದಿಲ್ಲ. ಸಿ.ಜೆ. ಬಾರ್ಟಲ್‌ಸನ್ 1960ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತ ವಸ್ತುಗಳ ಬಣ್ಣ ಜನರ ನೆನಪಿನಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಗಾಢವಾಗಿ ಉಳಿದಿರುತ್ತದೆ; ಹಾಗಾಗಿ ನಿಖರ ಬಣ್ಣ ಕೆಲವೊಮ್ಮೆ ಸಪ್ಪೆ ಎನಿಸಬಹುದು.

ಈ ತಂತ್ರಾಂಶಗಳನ್ನು ಹೋಲಿಸಿ ನೋಡುವಾಗ ಯಾವ ಸ್ಲೈಡರನ್ನೂ ಮುಟ್ಟದೆ ಒಂದು ಮುಖ, ಒಂದು ಕೆಂಪು ರೇಷ್ಮೆ, ಒಂದಿಷ್ಟು ಹಸಿರು ಇರುವ ಒಂದೇ ಫೈಲನ್ನು ಎಲ್ಲದರಲ್ಲೂ ತೆರೆಯಬೇಕು. ಮಾನಿಟರ್ ಕ್ಯಾಲಿಬ್ರೇಟ್ ಆಗಿರಬೇಕು. ಕ್ಯಾಮೆರಾ ತೀರಾ ಹೊಸದಾಗಿದ್ದರೆ ಹಳೆಯ ಆವೃತ್ತಿಗಳು ಅದರ ಫೈಲನ್ನು ತೆರೆಯದಿರಬಹುದು. ಆಗ ಅಡೋಬ್‌ನ ಉಚಿತ ಡಿಎನ್‌ಜಿ ಕನ್ವರ್ಟರ್ ಎಷ್ಟೋ ಸಲ ಕೈಹಿಡಿಯುತ್ತದೆ.